ನಿಯಂತ್ರಕ ಪ್ರೋಟೀನ್ ಕ್ರೊಮ್ಯಾಟಿನ್ ಮೇಲೆ ನಿಜಕ್ಕೂ ಎಷ್ಟು ಹೊತ್ತು ನಿಲ್ಲುತ್ತದೆ?

ಪ್ರಶ್ನೆ: ತುಂಗಾತೀರ

ನಾನು ಪದವಿ ತರಗತಿಗಳಿಗೆ ಜೀವರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಜೀನ್ ನಿಯಂತ್ರಣದ ಅಧ್ಯಾಯ ಬಂದಾಗ ಎಲ್ಲ ಪಠ್ಯಪುಸ್ತಕಗಳಲ್ಲಿರುವ ಚಿತ್ರವನ್ನೇ ಹಲಗೆಯ ಮೇಲೆ ಬರೆಯುತ್ತೇನೆ: ಡಿಎನ್‌ಎಯ ಒಂದು ಉದ್ದ ಗೆರೆ, ಅದರ ಮೇಲೆ ನಿಯಂತ್ರಕ ಪ್ರೋಟೀನಿನ ಒಂದು ಗುಂಡು, ಅದರಾಚೆ ಆರ್‌ಎನ್‌ಎ ತಯಾರಿಸುವ ಆರ್‌ಎನ್‌ಎ ಪಾಲಿಮರೇಸ್, ಇವೆರಡರ ನಡುವೆ ಕೊಂಡಿಯಾಗಿ ಮೀಡಿಯೇಟರ್. ಈ ಚಿತ್ರ ನೋಡಿದ ವಿದ್ಯಾರ್ಥಿಗೆ, ಇವೆಲ್ಲ ಒಮ್ಮೆ ಬಂದು ಕೂತರೆ ಜೀನ್ ಕೆಲಸ ಮಾಡುವಷ್ಟು ಹೊತ್ತೂ ಅಲ್ಲೇ ಇರುತ್ತವೆ ಎಂದು ಅನಿಸುವುದು ಸಹಜ. ಕ್ರೊಮ್ಯಾಟಿನ್, ಅಂದರೆ ಡಿಎನ್‌ಎ ಮತ್ತು ಅದನ್ನು ಸುತ್ತಿಡುವ ಪ್ರೋಟೀನುಗಳ ಕೂಟದ ಮೇಲೆ ಯಾವ ಪ್ರೋಟೀನು ಎಲ್ಲಿ ಕೂತಿದೆ ಎಂದು ಪತ್ತೆಹಚ್ಚುವ, ಚಿಪ್ ಎಂದು ನಾವೆಲ್ಲ ಕರೆಯುವ ಕ್ರೊಮ್ಯಾಟಿನ್ ಇಮ್ಯುನೊಪ್ರೆಸಿಪಿಟೇಷನ್ ಪ್ರಯೋಗದ ನಕ್ಷೆಗಳೂ ಅದನ್ನೇ ಹೇಳುವಂತೆ ಕಾಣುತ್ತವೆ. ಯಾವ ಜಾಗದಲ್ಲಿ ಪ್ರೋಟೀನ್ ಇದೆಯೋ ಅಲ್ಲಿ ಎತ್ತರದ ಶಿಖರ, ಇಲ್ಲದ ಕಡೆ ಸಮತಟ್ಟು.

ಆದರೆ ಬದುಕಿರುವ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು 2000ನೇ ಇಸವಿಯಿಂದ ಬೇರೆಯೇ ಮಾತು ಹೇಳುತ್ತ ಬಂದಿದ್ದಾರೆ. ಇದೇ ಪ್ರೋಟೀನುಗಳು ಕ್ರೊಮ್ಯಾಟಿನ್ ಮೇಲೆ ಕೆಲವೇ ಸೆಕೆಂಡು ಇದ್ದು ಬಿಟ್ಟುಹೋಗುತ್ತವೆ ಎಂಬುದು ಅವರ ನಿಲುವು. ಹಾಗಿದ್ದರೆ ನನಗೆ ಎರಡು ಸಂದೇಹಗಳಿವೆ. ಮೊದಲನೆಯದು, ಇಷ್ಟು ಕಡಿಮೆ ಅವಧಿಯನ್ನು ಅಳೆಯುವುದು ಹೇಗೆ, ಮತ್ತು ಹಾಗೆ ಅಳೆದದ್ದು ಪ್ರೋಟೀನು ಅಂಟಿ ಬಿಡುವ ವೇಗವೋ ಅಥವಾ ಅದು ಕೋಶಕೇಂದ್ರದೊಳಗೆ ಸುಮ್ಮನೆ ಅಲೆದಾಡುವ ವೇಗವೋ ಎಂದು ತಿಳಿಯುವುದು ಹೇಗೆ? ಎರಡನೆಯದು, ಸೆಕೆಂಡುಗಳ ಮಾತು ನಿಜವಾದರೆ ಚಿಪ್ ಶಿಖರಗಳನ್ನು ಏನೆಂದು ಅರ್ಥಮಾಡಿಕೊಳ್ಳಬೇಕು? ವಿದ್ಯಾರ್ಥಿಗಳಿಗೆ ಅರ್ಧ ಸತ್ಯವನ್ನು ಕಲಿಸಲು ಇಷ್ಟವಿಲ್ಲದ್ದರಿಂದ ಇಲ್ಲಿ ಕೇಳುತ್ತಿದ್ದೇನೆ.

ಉತ್ತರ: ಬೆಳಕಿಂಡಿ

ಮೇಡಂ, ನಿಮ್ಮ ಮೊದಲ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. ನನ್ನ ಕೆಲಸ ಸೂಕ್ಷ್ಮದರ್ಶಕಗಳ ಜೊತೆಗೇ ಆದ್ದರಿಂದ ಪ್ರಯೋಗದ ಬದಿಯಿಂದ ಹೇಳುವುದು ನನಗೆ ಸುಲಭ.

ವಿಧಾನದ ಹೆಸರು ಫ್ರ್ಯಾಪ್. ಒಂದು ಜಾಗದ ಪ್ರತಿದೀಪ್ತಿಯನ್ನು ಲೇಸರ್‌ನಿಂದ ಅಳಿಸಿ, ಅದು ಎಷ್ಟು ಬೇಗ ಮರಳುತ್ತದೆ ಎಂದು ನೋಡುವುದೇ ಇದರ ಸಾರ. 1970ರ ದಶಕದಲ್ಲಿ ಇದನ್ನು ಕೋಶಪೊರೆಯ ಅಣುಗಳ ಚಲನೆ ಅಳೆಯಲು ರೂಪಿಸಿದರು. ಕೋಶಕೇಂದ್ರದೊಳಗಿನ ಪ್ರೋಟೀನುಗಳಿಗೆ ಇದನ್ನು ಅನ್ವಯಿಸುವುದು ಸಲೀಸಾದದ್ದು ಜೆಲ್ಲಿಮೀನಿನ ಹಸಿರು ಪ್ರತಿದೀಪ್ತ ಪ್ರೋಟೀನು, ಅಂದರೆ ಜಿಎಫ್‌ಪಿ, ಪ್ರಯೋಗಾಲಯಗಳಿಗೆ ಬಂದ ಮೇಲೆ. ಅದರ ಜೀನನ್ನು ಬೇರೆ ಜೀವಿಗಳಲ್ಲಿ ಹಾಕಿದರೂ ಅದು ಹೊಳೆಯುತ್ತದೆ ಎಂದು ಮಾರ್ಟಿನ್ ಚಾಲ್ಫಿ 1994ರಲ್ಲಿ ತೋರಿಸಿದ ನಂತರ, ಯಾವ ಪ್ರೋಟೀನನ್ನು ಬೇಕಾದರೂ ಅದರ ಬಾಲಕ್ಕೆ ಜಿಎಫ್‌ಪಿ ಜೋಡಿಸಿ ಬದುಕಿರುವ ಕೋಶದಲ್ಲೇ ನೋಡುವುದು ಸಾಧ್ಯವಾಯಿತು.

2000ನೇ ಇಸವಿಯಲ್ಲಿ ಜೇಮ್ಸ್ ಮ್ಯಾಕ್‌ನಾಲಿ, ಗಾರ್ಡನ್ ಹೇಗರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವನ್ನು ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಸಂದೇಹಕ್ಕೆ ಅದರಷ್ಟು ನೇರವಾದ ಉತ್ತರ ಬೇರೆ ಕಡೆ ಸಿಗಲಾರದು. ಸಾಮಾನ್ಯವಾಗಿ ಒಂದು ಜೀನಿನ ನಿಯಂತ್ರಕ ತಾಣದಲ್ಲಿ ಒಮ್ಮೆಗೆ ಕೂರುವ ಅಣುಗಳು ಒಂದೋ ಎರಡೋ ಆದ್ದರಿಂದ, ಕೋಶಕೇಂದ್ರದ ತುಂಬ ಇರುವ ಹಸಿರು ಹೊಳಪಿನಲ್ಲಿ ಅವು ಮುಳುಗಿಹೋಗುತ್ತವೆ. ಅವರು ಬಳಸಿದ ಇಲಿಯ ಕೋಶಗಳಲ್ಲಿ ಎಂಎಂಟಿವಿ ಎಂಬ ವೈರಸ್ಸಿನ ಪ್ರೊಮೋಟರ್ (ಜೀನಿನ ಓದು ಆರಂಭವಾಗುವ ಡಿಎನ್‌ಎ ಭಾಗ) ಒಂದರ ಪಕ್ಕದಲ್ಲೊಂದರಂತೆ ಸುಮಾರು 200 ಪ್ರತಿಗಳಷ್ಟು ಒಂದೇ ಕಡೆ ಸೇರಿಕೊಂಡಿತ್ತು. ಪ್ರತಿ ಪ್ರತಿಯಲ್ಲೂ ಗ್ಲುಕೋಕಾರ್ಟಿಕಾಯ್ಡ್ ಗ್ರಾಹಕ, ಅಂದರೆ ಆ ಹಾರ್ಮೋನು ಅಂಟಿದಾಗ ಜೀನನ್ನು ನಿಯಂತ್ರಿಸುವ ಪ್ರೋಟೀನು, ಕೂರುವ ತಾಣಗಳು ಹಲವಾರಿವೆ. ಹಾರ್ಮೋನು ಇಲ್ಲದಿದ್ದಾಗ ಈ ಗ್ರಾಹಕ ಕೋಶದ್ರವದಲ್ಲಿರುತ್ತದೆ. ಡೆಕ್ಸಾಮೆಥಸೋನ್ ಎಂಬ ಕೃತಕ ಹಾರ್ಮೋನು ಹಾಕಿದ ಮೇಲೆ ಅದು ಕೋಶಕೇಂದ್ರಕ್ಕೆ ಸರಿಯುತ್ತದೆ, ಮತ್ತು ಆ 200 ಪ್ರತಿಗಳಿರುವ ಜಾಗ ಒಂದು ಪ್ರಕಾಶಮಾನವಾದ ಚುಕ್ಕೆಯಾಗಿ ಬೇರೆಯೇ ಕಾಣಿಸಿಕೊಳ್ಳುತ್ತದೆ. ಅಲ್ಲಿ ಆರ್‌ಎನ್‌ಎ ತಯಾರಾಗುತ್ತಿದೆ ಎಂಬುದನ್ನೂ ಪ್ರತ್ಯೇಕವಾಗಿ ನೋಡಬಹುದಾದ್ದರಿಂದ, ಅದು ಕೆಲಸ ಮಾಡುತ್ತಿರುವ ಜೀನ್ ಎಂಬುದರಲ್ಲಿ ಸಂಶಯವಿರಲಿಲ್ಲ.

ಆ ಚುಕ್ಕೆಯ ಮೇಲೆ ಒಂದು ಕ್ಷಣ ಲೇಸರ್ ಹಾಯಿಸಿದರೆ ಅಲ್ಲಿರುವ ಜಿಎಫ್‌ಪಿಗಳು ಹೊಳಪು ಕಳೆದುಕೊಳ್ಳುತ್ತವೆ. ಈ ನಷ್ಟ ಶಾಶ್ವತವಾದದ್ದು, ಅದೇ ಅಣು ಮತ್ತೆ ಹೊಳೆಯುವುದಿಲ್ಲ. ಆದರೆ ಪ್ರೋಟೀನು ಮಾತ್ರ ಅಲ್ಲೇ ಇರುತ್ತದೆ. ಆದ್ದರಿಂದ ಚುಕ್ಕೆ ಮತ್ತೆ ಬೆಳಗಿತೆಂದರೆ, ಕುರುಡಾದ ಅಣುಗಳು ಜಾಗ ಬಿಟ್ಟವು ಮತ್ತು ಕೋಶಕೇಂದ್ರದ ಬೇರೆ ಭಾಗದಿಂದ ಹೊಳೆಯುವ ಅಣುಗಳು ಆ ಜಾಗಕ್ಕೆ ಬಂದವು ಎಂದೇ ಅರ್ಥ. ಗ್ರಾಹಕವು ಗಟ್ಟಿಯಾಗಿ ಕೂತಿದ್ದರೆ ಚುಕ್ಕೆ ಗಂಟೆಗಟ್ಟಲೆ ಮಂಕಾಗಿಯೇ ಇರಬೇಕಿತ್ತು. ಅದು ಕೆಲವೇ ಸೆಕೆಂಡುಗಳಲ್ಲಿ ಮತ್ತೆ ಬೆಳಗಿತು. ಜೀನ್ ಕೆಲಸ ಮಾಡುತ್ತಲೇ ಇದೆ, ಹಾರ್ಮೋನು ಇದೆ, ಆದರೂ ಅಲ್ಲಿರುವ ಅಣುಗಳು ಬದಲಾಗುತ್ತಲೇ ಇವೆ.

ಅದೇ ವರ್ಷ ರಾಬರ್ಟ್ ಫೇರ್ ಮತ್ತು ಟಾಮ್ ಮಿಸ್ಟೆಲಿ ಅವರು ನ್ಯೂಕ್ಲಿಯೋಸೋಮ್‌ಗೆ (ಹಿಸ್ಟೋನ್ ಪ್ರೋಟೀನುಗಳ ಉಂಡೆಗೆ ಡಿಎನ್‌ಎ ಸುತ್ತಿಕೊಂಡ ಘಟಕ) ಅಂಟುವ ಎಚ್‌ಎಂಜಿ-17ರ ಜೊತೆಗೆ ಇನ್ನೆರಡು ಪ್ರೋಟೀನುಗಳನ್ನು ಅಳೆದು, ಇವೆಲ್ಲ ಶಕ್ತಿಯ ವೆಚ್ಚವಿಲ್ಲದೆ ಬರೀ ವಿಸರಣೆಯಿಂದಲೇ ಕೋಶಕೇಂದ್ರದ ತುಂಬ ಓಡಾಡುತ್ತವೆ ಎಂದು ತೋರಿಸಿದರು. ಆ ಉಂಡೆಯ ಹೊರಗಿನಿಂದ ಡಿಎನ್‌ಎಯನ್ನು ಹಿಡಿಯುವ ಲಿಂಕರ್ ಹಿಸ್ಟೋನ್ ಎಚ್1 ಕೂಡ ನಿಂತಲ್ಲೇ ನಿಲ್ಲುವುದಿಲ್ಲ ಎಂದು ಮಿಸ್ಟೆಲಿ ಅವರ ಗುಂಪು ಮತ್ತು ಕೆನಡಾದ ಮೈಕೆಲ್ ಹೆಂಡ್ಜೆಲ್ ಅವರ ಗುಂಪು ಬೇರೆಬೇರೆಯಾಗಿ ಕಂಡುಕೊಂಡದ್ದೂ ಆಗಲೇ. ನನ್ನ ಮಟ್ಟಿಗೆ ಹೆಚ್ಚು ಬೆರಗು ಹುಟ್ಟಿಸಿದ್ದು 2003ರ ಫಲಿತಾಂಶ. ಬಿಗಿಯಾಗಿ ಮುಚ್ಚಿಕೊಂಡ ಹೆಟೆರೊಕ್ರೊಮ್ಯಾಟಿನ್‌ನ ಗುರುತೇ ಆಗಿರುವ ಎಚ್‌ಪಿ1 ಪ್ರೋಟೀನು ಕೂಡ ಸೆಕೆಂಡುಗಳಿಂದ ಒಂದು ನಿಮಿಷದ ಆಸುಪಾಸಿನಲ್ಲಿ ಬದಲಾಗುತ್ತದೆ ಎಂದು ಎರಡು ಗುಂಪುಗಳು ಆ ವರ್ಷ ವರದಿ ಮಾಡಿದವು. ಮುಚ್ಚಿದೆ ಎಂದುಕೊಂಡಿದ್ದ ಜಾಗಕ್ಕೂ ಪ್ರೋಟೀನುಗಳು ಹೋಗಿ ಬರುತ್ತಲೇ ಇವೆ.

ಹಾಗೆಂದು ಎಲ್ಲವೂ ಸೆಕೆಂಡುಗಳಲ್ಲಿ ಬದಲಾಗುತ್ತವೆ ಎಂದುಕೊಳ್ಳಬಾರದು. ಡಿಎನ್‌ಎ ಸುತ್ತಿಕೊಳ್ಳುವ ಉಂಡೆಯೇ ಆದ ಒಳ ಹಿಸ್ಟೋನ್‌ಗಳ ಕಥೆ ಬೇರೆ. ಹಿರೋಶಿ ಕಿಮುರಾ ಮತ್ತು ಪೀಟರ್ ಕುಕ್ 2001ರಲ್ಲಿ ಹೀಲಾ ಎಂಬ ಮಾನವ ಕೋಶಗಳಲ್ಲಿ ಅಳೆದಾಗ, ಎಚ್3 ಮತ್ತು ಎಚ್4ಗಳ ಶೇಕಡಾ 80ಕ್ಕೂ ಹೆಚ್ಚು ಭಾಗ ಅಲುಗಾಡಲೇ ಇಲ್ಲ. ಎಚ್2ಬಿಯ ಶೇಕಡಾ 3ರಷ್ಟು ನಿಮಿಷಗಳಲ್ಲಿ ಬದಲಾಯಿತು, ಶೇಕಡಾ 40ರಷ್ಟು ಸುಮಾರು 130 ನಿಮಿಷಗಳ ಅರ್ಧಾವಧಿಯಲ್ಲಿ ಬದಲಾಯಿತು, ಉಳಿದದ್ದು ಇನ್ನೂ ನಿಧಾನ. ಆದ್ದರಿಂದ ಕೋಶಕೇಂದ್ರದಲ್ಲಿ ಕಾಲದ ಹಲವು ಮಟ್ಟಗಳಿವೆ: ಹೆಚ್ಚಿನ ನಿಯಂತ್ರಕ ಪ್ರೋಟೀನುಗಳಿಗೆ ಸೆಕೆಂಡು, ಎಚ್1ಕ್ಕೆ ನಿಮಿಷ, ಒಳ ಹಿಸ್ಟೋನ್‌ಗಳಿಗೆ ಗಂಟೆಗಳು ಅಥವಾ ಅದಕ್ಕಿಂತ ಹೆಚ್ಚು.

ನಮ್ಮಲ್ಲೂ ಈ ಕೆಲಸ ನಡೆದಿದೆ ಎಂಬುದನ್ನು ನಿಮ್ಮ ವಿದ್ಯಾರ್ಥಿಗಳಿಗೆ ಹೇಳಬಹುದು. ಬೆಂಗಳೂರಿನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಜಿ. ವಿ. ಶಿವಶಂಕರ್ ಅವರ ಗುಂಪು 2006ರಲ್ಲಿ, ಒಳ ಹಿಸ್ಟೋನ್ ಮತ್ತು ಲಿಂಕರ್ ಹಿಸ್ಟೋನ್ ಬದುಕಿರುವ ಕೋಶದಲ್ಲಿ ಬೇರೆಬೇರೆ ರೀತಿಯಲ್ಲಿ ಚಲಿಸುತ್ತವೆ ಎಂಬುದನ್ನು ಪ್ರತಿದೀಪ್ತಿಯ ಏರಿಳಿತಗಳನ್ನು ಅಳೆದು ತೋರಿಸಿತು.

ಉತ್ತರ: ಅಳತೆಗೋಲು

ಬೆಳಕಿಂಡಿಯವರ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಪ್ರಶ್ನೆಯ ಒಂದು ಭಾಗ, ಅಂದರೆ ಅಂಟುವ ವೇಗವನ್ನೂ ಅಲೆಯುವ ವೇಗವನ್ನೂ ಬೇರ್ಪಡಿಸುವುದು ಹೇಗೆ ಎಂಬುದು, ಹಾಗೆಯೇ ಉಳಿದಿದೆ. ಈ ಕ್ಷೇತ್ರದಲ್ಲಿ ಅತ್ಯಂತ ಎಚ್ಚರಿಕೆ ಬೇಕಾದ ಜಾಗ ಅದೇ ಎಂಬುದು ನನ್ನ ಅಭಿಪ್ರಾಯ.

ಫ್ರ್ಯಾಪ್‌ನಲ್ಲಿ ಕೈಗೆ ಸಿಗುವುದು ಹೊಳಪು ಮರಳುವ ಒಂದು ವಕ್ರರೇಖೆ ಮಾತ್ರ. ಅಣು ತಾಣವನ್ನು ಬಿಡಲು ಹಿಡಿಯುವ ಸಮಯ, ಹೊಸ ಅಣು ತೇಲಿ ಬರಲು ಹಿಡಿಯುವ ಸಮಯ, ಬರುವ ದಾರಿಯಲ್ಲಿ ಬೇರೆಡೆ ಅಂಟಿ ಬಿಡುವ ಸಮಯ, ಈ ಮೂರೂ ಆ ಒಂದೇ ರೇಖೆಯಲ್ಲಿ ಬೆರೆತಿರುತ್ತವೆ. ಇದಕ್ಕೆ ಇರುವ ಒಂದು ಸರಳ ಪರೀಕ್ಷೆಯೆಂದರೆ ಲೇಸರ್ ಅಳಿಸುವ ವೃತ್ತದ ಅಳತೆಯನ್ನು ಬದಲಾಯಿಸಿ ಮತ್ತೆ ಅಳೆಯುವುದು. ಮರಳುವ ವೇಗವನ್ನು ನಿರ್ಧರಿಸುವುದು ವಿಸರಣೆಯಾದರೆ, ದೊಡ್ಡ ವೃತ್ತ ತುಂಬಲು ಹೆಚ್ಚು ಹೊತ್ತು ಬೇಕಾಗುತ್ತದೆ. ಅಂಟಿಕೊಂಡ ಅಣು ಬಿಡುವುದೇ ನಿಧಾನದ ಹಂತವಾದರೆ, ವೃತ್ತ ಚಿಕ್ಕದಿರಲಿ ದೊಡ್ಡದಿರಲಿ ರೇಖೆ ಬದಲಾಗುವುದಿಲ್ಲ. ಡಿಎನ್‌ಎಗೆ ಅಂಟುವ ಭಾಗವನ್ನು ಕೆಡಿಸಿದ ರೂಪಾಂತರಿತ ಪ್ರೋಟೀನನ್ನು ಜೊತೆಯಲ್ಲೇ ಅಳೆಯುವುದು ಎರಡನೆಯ ಪರೀಕ್ಷೆ. ಅದು ಮೂಲ ಪ್ರೋಟೀನಿಗಿಂತ ಎಷ್ಟು ಬೇಗ ಮರಳುತ್ತದೆಯೋ ಆ ವ್ಯತ್ಯಾಸವನ್ನು ಅಂಟುವಿಕೆಯ ಲೆಕ್ಕಕ್ಕೆ ಹಾಕಬಹುದು. ಈ ಎರಡೂ ಇಲ್ಲದ ಫ್ರ್ಯಾಪ್ ಲೇಖನವನ್ನು ನಾನು ಅರ್ಧ ನಂಬಿಕೆಯಿಂದಲೇ ಓದುತ್ತೇನೆ.

ಒಂದೇ ಪ್ರೋಟೀನಿಗೆ ಬೇರೆಬೇರೆ ವಿಧಾನಗಳು ಬೇರೆಬೇರೆ ಸಂಖ್ಯೆ ಕೊಡುತ್ತಿದ್ದ ಕಾಲವೂ ಇತ್ತು. ಲೇಸರ್ ಅಳಿಸಿದ ಜಾಗದ ಅಂಚು ನಿಜದಲ್ಲಿ ಹೇಗಿದೆ ಎಂಬುದನ್ನು ಗಣಿತದ ಮಾದರಿಗೆ ಸರಿಯಾಗಿ ಸೇರಿಸದಿದ್ದರೆ ತಂಗುವ ಅವಧಿಯ ಅಂದಾಜು ಬಹಳ ದೂರ ಹೋಗಿಬಿಡುತ್ತದೆ ಎಂಬುದು ಆಮೇಲೆ ಸ್ಪಷ್ಟವಾಯಿತು. 2012ರಲ್ಲಿ ಡೇವಿಡೆ ಮಾಜಾ, ಮ್ಯಾಕ್‌ನಾಲಿ ಮತ್ತಿತರರು ಪಿ53 ಎಂಬ ನಿಯಂತ್ರಕ ಪ್ರೋಟೀನನ್ನು ಫ್ರ್ಯಾಪ್, ಪ್ರತಿದೀಪ್ತಿಯ ಏರಿಳಿತದ ಅಳತೆ ಮತ್ತು ಒಂಟಿ ಅಣುವಿನ ಜಾಡು ಹಿಡಿಯುವುದು, ಈ ಮೂರೂ ವಿಧಾನಗಳಿಂದ ಅಳೆದು, ತಪ್ಪುಗಳನ್ನು ಒಂದೊಂದಾಗಿ ತಿದ್ದಿದಾಗ ಮೂರೂ ಒಂದೇ ಕಡೆಗೆ ಬರುತ್ತವೆ ಎಂದು ತೋರಿಸಿದರು. ಮೂರು ದಾರಿಗಳೂ ಸೇರಿದ ಮೇಲೆ ಸಿಕ್ಕ ಉತ್ತರವೂ ಸೆಕೆಂಡುಗಳೇ ಆಗಿತ್ತು.

ಒಂಟಿ ಅಣುವಿನ ವಿಧಾನವನ್ನು ತುಸು ಬಿಡಿಸಿ ಹೇಳಬೇಕು, ಏಕೆಂದರೆ ಅದರಲ್ಲಿ ಒಂದು ಜಾಣ ಉಪಾಯವಿದೆ. ಪ್ರೋಟೀನಿಗೆ ಹ್ಯಾಲೊಟ್ಯಾಗ್ ಎಂಬ ಜೋಡಣೆ ಹಾಕಿ, ಅದಕ್ಕೆ ಪ್ರಕಾಶಮಾನವಾದ ಬಣ್ಣವನ್ನು ತೀರಾ ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ. ಆಗ ಸಾವಿರಾರು ಅಣುಗಳಲ್ಲಿ ಕೆಲವು ಮಾತ್ರ ಹೊಳೆಯುತ್ತವೆ. ಕ್ಯಾಮೆರಾ ಪ್ರತಿ ಚಿತ್ರಕ್ಕೆ ಅರ್ಧ ಸೆಕೆಂಡು ತೆರೆದಿದ್ದರೆ, ಓಡಾಡುತ್ತಿರುವ ಅಣುವಿನ ಬೆಳಕು ಹರಡಿ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ, ಕ್ರೊಮ್ಯಾಟಿನ್‌ಗೆ ಅಂಟಿ ನಿಂತ ಅಣು ಮಾತ್ರ ಚೂಪಾದ ಚುಕ್ಕೆಯಾಗಿ ಉಳಿಯುತ್ತದೆ. ಆ ಚುಕ್ಕೆ ಎಷ್ಟು ಚಿತ್ರಗಳವರೆಗೆ ಇತ್ತು ಎಂದು ಎಣಿಸಿದರೆ ತಂಗುವ ಅವಧಿ ಸಿಗುತ್ತದೆ. ರಾಬರ್ಟ್ ಟಿಜಿಯನ್ ಅವರ ಗುಂಪು 2014ರಲ್ಲಿ ಇಲಿಯ ಭ್ರೂಣ ಕಾಂಡಕೋಶಗಳಲ್ಲಿ ಸಾಕ್ಸ್2 ಎಂಬ ನಿಯಂತ್ರಕ ಪ್ರೋಟೀನನ್ನು ಹೀಗೆ ನೋಡಿದಾಗ ಎರಡು ಬಗೆಯ ತಂಗುವಿಕೆ ಕಂಡಿತು. ಹೆಚ್ಚಿನ ಸಲ ಅದು ಒಂದು ಸೆಕೆಂಡಿಗೂ ಕಡಿಮೆ ಹೊತ್ತು ಅಂಟಿ ಬಿಡುತ್ತಿತ್ತು. ತನ್ನದೇ ನಿರ್ದಿಷ್ಟ ತಾಣ ಸಿಕ್ಕಾಗ ಮಾತ್ರ ಸುಮಾರು 12ರಿಂದ 15 ಸೆಕೆಂಡು ನಿಲ್ಲುತ್ತಿತ್ತು. ಒಂದು ನಿರ್ದಿಷ್ಟ ತಾಣ ಸಿಗುವ ಮೊದಲು ಅದು ಹತ್ತಾರು ತಪ್ಪು ಜಾಗಗಳನ್ನು ಮುಟ್ಟಿ ನೋಡುತ್ತದೆ ಎಂಬುದು ಅವರ ಲೆಕ್ಕಾಚಾರ.

ಇಲ್ಲೂ ಒಂದು ಬಲೆ ಇದೆ. ಚುಕ್ಕೆ ಮಾಯವಾದದ್ದು ಪ್ರೋಟೀನು ಬಿಟ್ಟುಹೋದದ್ದರಿಂದಲೋ, ಬಣ್ಣವೇ ಬೆಳಕಿಗೆ ಸುಟ್ಟುಹೋದದ್ದರಿಂದಲೋ ಎಂಬುದು ಚಿತ್ರದಲ್ಲಿ ತಿಳಿಯುವುದಿಲ್ಲ. ಅದಕ್ಕಾಗಿ, ಬಹಳ ಹೊತ್ತು ಕದಲದೆ ಇರುವ ಎಚ್2ಬಿಗೆ ಅದೇ ಬಣ್ಣ ಹಾಕಿ, ಅದೇ ಬೆಳಕಿನಲ್ಲಿ ಅದು ಎಷ್ಟು ಬೇಗ ಮಾಯವಾಗುತ್ತದೆ ಎಂದು ನೋಡಿ, ಅಷ್ಟನ್ನು ಕಳೆಯುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೂ, ತಂಗುವ ಅವಧಿಗಳನ್ನು ನಿರ್ದಿಷ್ಟ ಮತ್ತು ಅನಿರ್ದಿಷ್ಟ ಎಂದು ಎರಡೇ ಗುಂಪಾಗಿ ಒಡೆಯುವುದು ಸರಿಯೇ, ಅಥವಾ ಮಿಲಿಸೆಕೆಂಡಿನಿಂದ ನಿಮಿಷದವರೆಗೆ ಅವು ಎಡೆಬಿಡದೆ ಹರಡಿಕೊಂಡಿವೆಯೇ ಎಂಬ ಚರ್ಚೆ ಈಚಿನ ವರ್ಷಗಳಲ್ಲೂ ನಡೆಯುತ್ತಿದೆ. ಗ್ಲುಕೋಕಾರ್ಟಿಕಾಯ್ಡ್ ಗ್ರಾಹಕದ ಮೇಲೆ 2021ರಲ್ಲಿ ಬಂದ ಕೆಲಸ ಎರಡನೆಯ ನಿಲುವಿನದು. ಆದ್ದರಿಂದ ಇಂಥ ಪ್ರೋಟೀನಿಗೆ ಇಷ್ಟೇ ಸೆಕೆಂಡು ಎಂದು ಒಂದೇ ಸಂಖ್ಯೆಯನ್ನು ಬಾಯಿಪಾಠ ಮಾಡಿಸದಿರುವುದು ಒಳ್ಳೆಯದು.

ಮರುಪ್ರಶ್ನೆ: ತುಂಗಾತೀರ

ಇಬ್ಬರಿಗೂ ಕೃತಜ್ಞತೆಗಳು. ವೃತ್ತದ ಅಳತೆ ಬದಲಾಯಿಸುವ ಪರೀಕ್ಷೆ ನನಗೆ ಹೊಸದು, ತರಗತಿಯಲ್ಲಿ ಖಂಡಿತ ಹೇಳುತ್ತೇನೆ. ನನ್ನ ಎರಡನೆಯ ಸಂದೇಹ ಮಾತ್ರ ಈಗ ಇನ್ನಷ್ಟು ಗಟ್ಟಿಯಾಗಿದೆ. ಸಾಕ್ಸ್2 ಹದಿನೈದು ಸೆಕೆಂಡಿಗೆ ಬಿಟ್ಟುಹೋಗುವುದಾದರೆ ಚಿಪ್‌ನಲ್ಲಿ ಅಷ್ಟು ಎತ್ತರದ ಶಿಖರ ಏಕೆ ಕಾಣಬೇಕು? ಮತ್ತು ಇಷ್ಟು ಅಸ್ಥಿರವಾದ ವ್ಯವಸ್ಥೆಯಿಂದ ಕೋಶಕ್ಕೆ ಏನು ಪ್ರಯೋಜನ?

ಉತ್ತರ: ನೇತ್ರಾವತಿ

ಚಿಪ್ ಮತ್ತು ಫ್ರ್ಯಾಪ್ ಒಂದನ್ನೊಂದು ಅಲ್ಲಗಳೆಯುತ್ತಿಲ್ಲ, ಅವು ಅಳೆಯುವುದು ಬೇರೆಬೇರೆ ಸಂಗತಿಗಳನ್ನು. ಬಸ್ ನಿಲ್ದಾಣದ ಪಾಸ್ ಕೊಡುವ ಕಿಟಕಿಯನ್ನು ದಿನದ ಯಾವ ಹೊತ್ತಿನಲ್ಲಿ ಫೋಟೊ ತೆಗೆದರೂ ಅಲ್ಲೊಬ್ಬರು ನಿಂತಿರುತ್ತಾರೆ, ಆದರೆ ಅವರು ಬೇರೆಬೇರೆ ಜನ. ಚಿಪ್ ಆ ಫೋಟೊ. ಅದರಲ್ಲೂ ಅದು ಲಕ್ಷಾಂತರ ಕೋಶಗಳ ಫೋಟೊಗಳನ್ನು ಒಂದರ ಮೇಲೊಂದು ಇಟ್ಟು ತೆಗೆದ ಸರಾಸರಿ.

ಲೆಕ್ಕದಲ್ಲಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಒಂದು ತಾಣದಲ್ಲಿ ಪ್ರೋಟೀನು 10 ಸೆಕೆಂಡು ಕೂತು, ಬಿಟ್ಟ ಮೇಲೆ 10 ಸೆಕೆಂಡು ತಾಣ ಖಾಲಿಯಿದ್ದು, ಮತ್ತೆ ಇನ್ನೊಂದು ಅಣು ಬಂದು ಕೂರುತ್ತದೆ ಎಂದುಕೊಳ್ಳಿ. ಯಾವ ಕ್ಷಣ ನೋಡಿದರೂ ಶೇಕಡಾ 50ರಷ್ಟು ಕೋಶಗಳಲ್ಲಿ ಆ ತಾಣ ತುಂಬಿರುತ್ತದೆ. 10 ನಿಮಿಷ ಕೂತು 10 ನಿಮಿಷ ಖಾಲಿಯಿರುವ ಪ್ರೋಟೀನಿಗೂ ಉತ್ತರ ಅದೇ ಶೇಕಡಾ 50. ಚಿಪ್‌ನಲ್ಲಿ ಎರಡರ ಶಿಖರವೂ ಸರಿಸುಮಾರು ಒಂದೇ ಎತ್ತರ ಇರಬಹುದು, ಫ್ರ್ಯಾಪ್‌ನಲ್ಲಿ ಮಾತ್ರ ಅಜಗಜಾಂತರ. ಶಿಖರದ ಎತ್ತರ ಹೇಳುವುದು ತಾಣ ಎಷ್ಟು ಪಾಲು ತುಂಬಿರುತ್ತದೆ ಎಂಬುದನ್ನು, ಒಂದು ಅಣು ಎಷ್ಟು ಹೊತ್ತು ತಂಗಿತು ಎಂಬುದನ್ನಲ್ಲ. ಅಣುಗಳ ಸಂಖ್ಯೆ ಸಾಕಷ್ಟಿದ್ದು, ಅವು ಬೇಗ ಬೇಗ ಬರುತ್ತಿದ್ದರೆ, ಪ್ರತಿಯೊಂದೂ ಕ್ಷಣಕಾಲ ನಿಂತರೂ ತಾಣ ತುಂಬಿಯೇ ಇರುತ್ತದೆ. ಕೋಶಕೇಂದ್ರದ ವ್ಯಾಸ ಸುಮಾರು 10 ಮೈಕ್ರೊಮೀಟರ್ ಆದ್ದರಿಂದ, ಸೆಕೆಂಡಿಗೆ 5 ಚದರ ಮೈಕ್ರೊಮೀಟರ್ ವೇಗದಲ್ಲಿ ವಿಸರಿಸುವ ಪ್ರೋಟೀನು ಈ ತುದಿಯಿಂದ ಆ ತುದಿ ತಲುಪಲು ಮೂರ್ನಾಲ್ಕು ಸೆಕೆಂಡು ಸಾಕು. ಹೊಸ ಅಣುವಿಗೆ ಬರಗಾಲವಿಲ್ಲ.

ಆದರೆ ಚಿಪ್ ಫೋಟೊ ಎಂದು ನಾನು ಹೇಳಿದ್ದಕ್ಕೆ ಒಂದು ತಿದ್ದುಪಡಿ ಸೇರಿಸಲೇಬೇಕು. ಚಿಪ್‌ನಲ್ಲಿ ಪ್ರೋಟೀನುಗಳನ್ನು ಡಿಎನ್‌ಎಗೆ ಬೆಸೆಯಲು ಬಳಸುವ ಫಾರ್ಮಾಲ್ಡಿಹೈಡ್ ಎಲ್ಲವನ್ನೂ ತಕ್ಷಣ ಹಿಡಿದು ನಿಲ್ಲಿಸುವುದಿಲ್ಲ, ಅದು ನಿಮಿಷಗಟ್ಟಲೆ ಕೆಲಸ ಮಾಡುತ್ತದೆ. ತೀರಾ ಕ್ಷಣಿಕವಾಗಿ ಅಂಟುವ ಪ್ರೋಟೀನುಗಳು ಅದರ ಕೈಗೆ ಸಿಗದೆ ಜಾರಿಕೊಳ್ಳಬಹುದು. ಇದಕ್ಕೆ ಸಾಕ್ಸ್2 ಪ್ರೋಟೀನಿನದೇ ಒಳ್ಳೆಯ ನಿದರ್ಶನವಿದೆ. ಕೋಶ ವಿಭಜನೆಯ ಹೊತ್ತಿನಲ್ಲಿ ಹೆಚ್ಚಿನ ನಿಯಂತ್ರಕ ಪ್ರೋಟೀನುಗಳು ವರ್ಣತಂತುಗಳಿಂದ ಹೊರಬೀಳುತ್ತವೆ ಎಂದು ಬಹುಕಾಲ ನಂಬಲಾಗಿತ್ತು. ಟಿಜಿಯನ್ ಅವರ ಪ್ರಯೋಗಾಲಯದಿಂದಲೇ 2016ರಲ್ಲಿ ಬಂದ ಲೇಖನವೊಂದು, ಬದುಕಿರುವ ಕೋಶದಲ್ಲಿ ಸಾಕ್ಸ್2 ವಿಭಜನೆಯಾಗುತ್ತಿರುವ ವರ್ಣತಂತುಗಳ ಮೇಲೆ ಚೆನ್ನಾಗಿಯೇ ಕಾಣುತ್ತದೆ, ಫಾರ್ಮಾಲ್ಡಿಹೈಡ್ ಹಾಕುತ್ತಿದ್ದಂತೆ ಅಲ್ಲಿಂದ ಖಾಲಿಯಾದಂತೆ ತೋರುತ್ತದೆ ಎಂದು ತೋರಿಸಿತು. ದಶಕಗಳ ಕಾಲ ನಾವು ಜೀವಶಾಸ್ತ್ರದ ನಿಯಮ ಎಂದುಕೊಂಡಿದ್ದರಲ್ಲಿ ಒಂದು ಪಾಲು ರಾಸಾಯನಿಕದ ಪರಿಣಾಮವಾಗಿತ್ತು. ಬದುಕಿರುವ ಕೋಶದಲ್ಲೇ ನೋಡಬೇಕು ಎಂಬ ಒತ್ತಾಯಕ್ಕೆ ಇದಕ್ಕಿಂತ ಬಲವಾದ ಕಾರಣ ನನಗೆ ಗೊತ್ತಿಲ್ಲ.

ಪ್ರಯೋಜನದ ಪ್ರಶ್ನೆಗೆ ಗ್ಲುಕೋಕಾರ್ಟಿಕಾಯ್ಡ್ ಗ್ರಾಹಕವೇ ಉತ್ತರ ಕೊಡುತ್ತದೆ. ನಮ್ಮ ದೇಹದಲ್ಲಿ ಅಡ್ರಿನಲ್ ಗ್ರಂಥಿಯ ಹಾರ್ಮೋನು ಒಂದೇ ಸಮನೆ ಸುರಿಯುವುದಿಲ್ಲ, ಸರಿಸುಮಾರು ಗಂಟೆಗೊಮ್ಮೆ ಅಲೆಅಲೆಯಾಗಿ ಬರುತ್ತದೆ. 2009ರಲ್ಲಿ ಹೇಗರ್ ಅವರ ಗುಂಪು ಸಹಜ ಹಾರ್ಮೋನನ್ನು ಹೀಗೆ ಅಲೆಗಳಲ್ಲಿ ಕೊಟ್ಟಾಗ, ಗ್ರಾಹಕದ ಅಂಟುವಿಕೆಯೂ ಆರ್‌ಎನ್‌ಎ ತಯಾರಿಕೆಯೂ ಅದೇ ಅಲೆಗಳನ್ನು ಅನುಸರಿಸಿ ಏರಿಳಿದವು. ಡೆಕ್ಸಾಮೆಥಸೋನ್ ಗ್ರಾಹಕವನ್ನು ಬೇಗ ಬಿಡದ ಕೃತಕ ಹಾರ್ಮೋನು ಆದ್ದರಿಂದ ಅದನ್ನು ಕೊಟ್ಟಾಗ ಹೀಗೆ ಆಗಲಿಲ್ಲ. ಗ್ರಾಹಕವು ಡಿಎನ್‌ಎ ಮೇಲೆ ಗಂಟೆಗಟ್ಟಲೆ ಕೂರುವ ಸ್ವಭಾವದ್ದಾಗಿದ್ದರೆ, ಹಾರ್ಮೋನು ಇಳಿದ ಸುದ್ದಿಯೇ ಜೀನಿಗೆ ತಲುಪುತ್ತಿರಲಿಲ್ಲ. ಪದೇ ಪದೇ ಬಿಟ್ಟು ಮತ್ತೆ ಅಂಟುವುದರಿಂದಲೇ ಪ್ರತಿ ಸಲವೂ ಹೊರಗಿನ ಸ್ಥಿತಿ ಏನೆಂದು ಕೋಶಕ್ಕೆ ತಿಳಿಯುತ್ತದೆ.

ಇದೇ ವಿಚಾರ ಕ್ರೊಮ್ಯಾಟಿನ್‌ನ ಕುಣಿಕೆಗಳಿಗೂ, ಅಂದರೆ ಡಿಎನ್‌ಎಯ ದೂರದ ಎರಡು ಜಾಗಗಳು ಹತ್ತಿರ ಬಂದು ಆಗುವ ಮಡಿಕೆಗಳಿಗೂ, ಸಲ್ಲುತ್ತದೆ. ಪಠ್ಯಗಳಲ್ಲಿ ಸಿಟಿಸಿಎಫ್ ಮತ್ತು ಕೊಹೆಸಿನ್ ಎಂಬ ಪ್ರೋಟೀನುಗಳು ಸೇರಿ ಗಟ್ಟಿಯಾಗಿ ಕಟ್ಟಿದ ಗಂಟಿನಂತೆ ಚಿತ್ರ ಇರುತ್ತದೆ. ಅಳೆದು ನೋಡಿದರೆ ಸಿಟಿಸಿಎಫ್ ಒಂದೆರಡು ನಿಮಿಷ, ಕೊಹೆಸಿನ್ ಸುಮಾರು 22 ನಿಮಿಷ ತಂಗುತ್ತವೆ ಎಂದು 2017ರಲ್ಲಿ ಕಂಡುಬಂತು. ಇಲಿಯ ಕಾಂಡಕೋಶಗಳಲ್ಲಿ ಒಂದು ನಿರ್ದಿಷ್ಟ ಕುಣಿಕೆಯ ಎರಡೂ ತುದಿಗಳಿಗೆ ಗುರುತು ಹಾಕಿ 2022ರಲ್ಲಿ ನೋಡಿದಾಗ, ಕುಣಿಕೆ ಪೂರ್ತಿ ಮುಚ್ಚಿಕೊಂಡು ಇದ್ದದ್ದು ಶೇಕಡಾ 3ರಿಂದ 6ರಷ್ಟು ಹೊತ್ತು ಮಾತ್ರ. ನಕ್ಷೆಯಲ್ಲಿ ಎದ್ದು ಕಾಣುವ ಗಂಟು ಒಂದೊಂದು ಕೋಶದಲ್ಲಿ ಹೆಚ್ಚಿನ ಹೊತ್ತು ಬಿಚ್ಚಿಯೇ ಇತ್ತು.

ಉತ್ತರ: ಬೆಳಕಿಂಡಿ

ನೇತ್ರಾವತಿಯವರು ಹೇಳಿದ್ದಕ್ಕೆ ಒಂದು ಉದಾಹರಣೆ ಸೇರಿಸುತ್ತೇನೆ. ತಂಗುವ ಅವಧಿ ಎಂಬುದು ಪ್ರೋಟೀನಿನ ಹುಟ್ಟುಗುಣ ಮಾತ್ರವಲ್ಲ, ಕ್ರೊಮ್ಯಾಟಿನ್‌ನ ಸ್ಥಿತಿಯೂ ಅದನ್ನು ಬದಲಾಯಿಸುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಎಚ್‌ಎಂಜಿಬಿ1 ಬದುಕಿರುವ ಕೋಶದಲ್ಲಿ ಫ್ರ್ಯಾಪ್ ಮಾಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮರಳುವ ಪ್ರೋಟೀನು. ಕೋಶ ಅಪೊಪ್ಟೋಸಿಸ್ ಎಂಬ ಕ್ರಮಬದ್ಧ ಸಾವಿನ ಹಾದಿ ಹಿಡಿದಾಗ ಅದೇ ಪ್ರೋಟೀನು ಕ್ರೊಮ್ಯಾಟಿನ್‌ಗೆ ಬಿಗಿಯಾಗಿ ಅಂಟಿ, ಹೊರಗೆ ಸೋರುವುದಿಲ್ಲ. ಕೋಶ ಒಡೆದು ಸಾಯುವ ನೆಕ್ರೋಸಿಸ್‌ನಲ್ಲಾದರೆ ಅದು ಸಡಿಲವಾಗಿಯೇ ಇದ್ದು ಹೊರಗೆ ಹರಿದು, ಉರಿಯೂತಕ್ಕೆ ಕರೆ ಕೊಡುತ್ತದೆ. ಮಿಸ್ಟೆಲಿ ಮತ್ತು ಮಾರ್ಕೊ ಬಿಯಾಂಕಿ ಇದನ್ನು 2002ರಲ್ಲಿ ತೋರಿಸಿದರು. ಅಕ್ಕಪಕ್ಕದ ಅಂಗಾಂಶ ಊದಿಕೊಳ್ಳಬೇಕೇ ಬೇಡವೇ ಎಂಬುದು ಇಲ್ಲಿ ಒಂದು ಪ್ರೋಟೀನಿನ ಹಿಡಿತವನ್ನು ಅವಲಂಬಿಸಿದೆ.

ಒಳ ಹಿಸ್ಟೋನ್‌ಗಳು ಕದಲುವುದಿಲ್ಲ ಎಂದು ಮೇಲೆ ಬರೆದದ್ದಕ್ಕೂ ದೊಡ್ಡದೊಂದು ಅಪವಾದವಿದೆ. ವೀರ್ಯಾಣು ರೂಪುಗೊಳ್ಳುವ ಹಂತದಲ್ಲಿ ಹಿಸ್ಟೋನ್‌ಗಳಲ್ಲಿ ಬಹುಪಾಲು ಜಾಗ ಬಿಟ್ಟು, ಮೊದಲು ಟ್ರಾನ್ಸಿಷನ್ ಪ್ರೋಟೀನುಗಳು, ಆಮೇಲೆ ಪ್ರೋಟಮಿನ್‌ಗಳು ಡಿಎನ್‌ಎಯನ್ನು ಹಿಡಿದುಕೊಳ್ಳುತ್ತವೆ. ಮೈಸೂರಿನವರಾದ ಎಂ. ಆರ್. ಎಸ್. ರಾವ್ ಬೆಂಗಳೂರಿನಲ್ಲಿ ದಶಕಗಳ ಕಾಲ ಅಧ್ಯಯನ ಮಾಡಿದ್ದು ಈ ಬದಲಾವಣೆಯನ್ನೇ. ಕ್ರೊಮ್ಯಾಟಿನ್ ಪಾಠಕ್ಕೆ ನಮ್ಮ ನೆಲದ ಉದಾಹರಣೆ ಬೇಕಾದರೆ ಅವರ ಕೆಲಸದಿಂದ ಆರಂಭಿಸಬಹುದು.

ಹಲಗೆಯ ಚಿತ್ರವನ್ನು ನೀವು ಅಳಿಸಬೇಕಾಗಿಲ್ಲ ಮೇಡಂ. ಅದರ ಕೆಳಗೆ ಒಂದು ಕಾಲದ ಗೆರೆ ಎಳೆದು, ಪ್ರತಿ ಗುಂಡು ಯಾವಾಗ ಬಂತು, ಯಾವಾಗ ಹೋಯಿತು ಎಂದು ಚಿಕ್ಕ ಚಿಕ್ಕ ಅಡ್ಡಗೆರೆಗಳಲ್ಲಿ ಗುರುತಿಸಿ: ನಿಯಂತ್ರಕ ಪ್ರೋಟೀನಿಗೆ ತುಂಡುತುಂಡಾದ ಪುಟ್ಟ ಗೆರೆಗಳು, ಎಚ್1ಕ್ಕೆ ಉದ್ದದವು, ಎಚ್3ಕ್ಕೆ ಹಲಗೆಯ ಆ ಅಂಚಿನವರೆಗೆ ಎಲ್ಲೂ ಕಡಿಯದ ಒಂದೇ ಗೆರೆ. ಗಂಟೆಗಳನ್ನೂ ಸೆಕೆಂಡುಗಳನ್ನೂ ಒಂದೇ ಅಳತೆಯಲ್ಲಿ ಬರೆಯಲು ಹಲಗೆ ಸಾಲದು. ಆದ್ದರಿಂದ ಒಂದು ನಿಮಿಷದ ಗೆರೆ ಬೇರೆ, ಒಂದು ದಿನದ ಗೆರೆ ಬೇರೆ ಎಂದು ಎರಡು ಗೆರೆಗಳನ್ನು ಎಳೆಯುವುದು ಅನುಕೂಲ.